ಮರಿ ಹಾರುವ ತನಕ ಸಂದು ಮುಚ್ಚಬೇಡಿ

ಪ್ರಶ್ನೆ: ಮೇಡಂ, ನಮ್ಮದು ಹಳೆಯ ಹೆಂಚಿನ ಮನೆ. ಮುಚ್ಚಿಗೆ ಹಲಗೆಗೂ ಹೆಂಚಿಗೂ ನಡುವೆ ಬಾವಲಿ ಸೇರಿಕೊಂಡು ಮೂರು ವರ್ಷವಾಯಿತು. ಬೆಳಗ್ಗೆ ಎದ್ದರೆ ಹಾಸಿಗೆ ಮೇಲೆ ಇಲಿಹಿಕ್ಕೆಯಂಥ ಕರಿಕಾಳು, ಒಂಥರಾ ಘಾಟು ವಾಸನೆ. ಮಗಳು ಚೊಚ್ಚಲ ಹೆರಿಗೆಗೆ ಜೂನ್ ಕೊನೆಗೆ ಬರುತ್ತಾಳೆ. ಪಕ್ಕದ ಮನೆಯವರು ಮೆಣಸಿನಕಾಯಿ ಹೊಗೆ ಹಾಕಿ ಅನ್ನುತ್ತಾರೆ. ನಮ್ಮ ಯಜಮಾನರು ಮಳೆಗೆ ಮುಂಚೆ ಹೆಂಚು ಕೈಯಾಡಿಸುವಾಗಲೇ ಸಂದು ಮುಚ್ಚಿಬಿಡೋಣ ಅನ್ನುತ್ತಾರೆ. ಅವನ್ನು ಸಾಯಿಸಲು ನನಗೆ ಮನಸ್ಸಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಹೊಗೆ ಬೇಡ. ಸಂದು ಮುಚ್ಚುವುದೂ ಈಗ ಬೇಡ. ನಿಮ್ಮ ಪತ್ರ ಬಂದದ್ದು ಮೇ ನಡುವಿಗೆ. ನಿಮ್ಮ ಅಟ್ಟದಲ್ಲೂ ಈ ಹೊತ್ತಿಗೆ ಬಾಣಂತನ ನಡೆಯುತ್ತಿರಬಹುದು.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ನಾನು ಮದುವೆಯಾಗಿ ಸಾಗರದ ಹತ್ತಿರದ ಈ ಮನೆಗೆ ಬಂದ ಎರಡನೇ ವರ್ಷ, ಇದೇ ಹಂಗಾಮಿನಲ್ಲಿ, ನಮ್ಮ ಮಾವನವರು ತೆಂಗಿನ ಸಿಪ್ಪೆ, ಒಣಮೆಣಸು ಸೇರಿಸಿ ಅಟ್ಟಕ್ಕೆ ಹೊಗೆ ಕೊಟ್ಟರು. ದೊಡ್ಡವು ಹಾರಿಹೋದವು. ಎರಡು ದಿನ ಬಿಟ್ಟು ಮುಚ್ಚಿಗೆ ಸಂದಿಯಿಂದ ಒಂದೊಂದೇ ಮರಿ ಜಗಲಿಗೆ ಬೀಳತೊಡಗಿತು. ಕೂದಲಿಲ್ಲದ, ಹೆಬ್ಬೆರಳಿಗಿಂತ ಚಿಕ್ಕ ಮರಿಗಳು. ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು, ಇರುವೆ ಮುತ್ತಿತ್ತು. ಮೇಲೆ ಸತ್ತವುಗಳ ವಾಸನೆ ಹೋಗಲು ಮಳೆಗಾಲವೇ ಕಳೆಯಬೇಕಾಯಿತು. ಆಗ ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ಬಾಯಿ ತೆರೆದು ಬೇಡ ಅನ್ನಲಿಲ್ಲವಲ್ಲ ಎಂಬ ನೋವು ಈಗಲೂ ಇದೆ.

ಮೊದಲು ಅದು ಬಾವಲಿಯದೇ ಹೌದೋ ನೋಡಿ. ಬಿದ್ದ ಕಾಳನ್ನು ಕಡ್ಡಿಯಿಂದ ಒತ್ತಿ. ಇಲಿಹಿಕ್ಕೆ ಗಟ್ಟಿ. ಕೀಟ ತಿನ್ನುವ ಬಾವಲಿಯದು ಪುಡಿಯಾಗುತ್ತದೆ, ಪುಡಿಯಲ್ಲಿ ಹುಳದ ರೆಕ್ಕೆಚೂರು ಮಿನುಗುತ್ತದೆ. ಅಟ್ಟ ಸೇರುವ ಬಾವಲಿಗಳಲ್ಲಿ ಅತಿ ಸಣ್ಣವು ಒಂದು ರೂಪಾಯಿ ನಾಣ್ಯದಷ್ಟೇ ತೂಗುತ್ತವೆ. ಅಷ್ಟು ಸಣ್ಣ ಜೀವ ಒಂದು ಸಲಕ್ಕೆ ಒಂದೋ ಎರಡೋ ಮರಿ ಹಾಕಿದರೆ ಹೆಚ್ಚು. ಇಲಿಯಂತೆ ಬುಟ್ಟಿಗಟ್ಟಲೆ ಹೆರುವುದಿಲ್ಲ. ಒಂದು ಹಿಂಡು ಅಳಿದರೆ ಮತ್ತೆ ತುಂಬಲು ವರ್ಷಗಳೇ ಬೇಕು.

ಮರಿ ಇದೆಯೋ ಇಲ್ಲವೋ ಎಂದು ಪಂಚಾಂಗ ನೋಡಿ ನಿರ್ಧರಿಸಬೇಡಿ. ನಮ್ಮ ಕಡೆ ಹಲವು ಜಾತಿಗಳು ಬೇಸಿಗೆ ಕೊನೆಯಿಂದ ಮಳೆ ಶುರುವಿನೊಳಗೆ ಹೆರುತ್ತವೆ, ಬೇರೆ ಕಾಲದಲ್ಲಿ ಹೆರುವವೂ ಇವೆ. ಸಂಜೆ ಎಲ್ಲವೂ ಹೊರಗೆ ಹೋದ ಮೇಲೆ, ಎಂಟು ಗಂಟೆ ಹೊತ್ತಿಗೆ, ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ ಅಟ್ಟ ಹತ್ತಿ ನೋಡಿ. ತಾಯಂದಿರು ಮೇಯಲು ಹೋಗುವಾಗ ಮರಿಗಳನ್ನು ಸಾಮಾನ್ಯವಾಗಿ ಅಲ್ಲೇ ಬಿಟ್ಟಿರುತ್ತವೆ. ರೀಪಿಗೆ ಅಂಟಿಕೊಂಡ ಗುಂಪು ಕಂಡರೆ, ಚಿಕಿಚಿಕಿ ಸದ್ದು ಕೇಳಿದರೆ ಸುಮ್ಮನೆ ಇಳಿದು ಬನ್ನಿ. ಅವು ರೆಕ್ಕೆ ಬಲಿತು ಹಾರಲು ಐದಾರು ವಾರ ಬೇಕು.

ಐದಾರು ವಾರ ಅಂದರೆ ಆಷಾಢದ ಜಡಿಮಳೆ. ಆಗಲೂ ಹೊರಹಾಕುವ ಕೆಲಸಕ್ಕೆ ಕೈಹಾಕಬಾರದು. ಎಡೆಬಿಡದೆ ಹೊಯ್ಯುವ ರಾತ್ರಿಗಳಲ್ಲಿ ಕೀಟ ಸಿಗದೆ ಬಾವಲಿಗಳು ಹೊರಬೀಳದೇ ಇರಬಹುದು, ಆಗ ಮುಚ್ಚಿದರೆ ಒಳಗೇ ಉಳಿಯುತ್ತವೆ. ಹಾಗಾಗಿ ನವರಾತ್ರಿಯ ಆಸುಪಾಸಿಗೆ ಇಟ್ಟುಕೊಳ್ಳಿ. ಯಜಮಾನರು ಹೆಂಚು ಕೈಯಾಡಿಸುವುದಿದ್ದರೆ ಉಳಿದ ಮಾಡನ್ನು ಮುಗಿಸಲಿ. ಬಾವಲಿ ಇರುವ ಪಕ್ಕದಲ್ಲಿ ಒಡೆದ ಹೆಂಚು ಮಾತ್ರ ಬದಲಾಯಿಸಿದರೆ ಸಾಕು.

ಮಗಳು ಬರುವಷ್ಟರಲ್ಲಿ ಏನು ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅಟ್ಟವನ್ನೂ ಕೋಣೆಯನ್ನೂ ಬೇರೆ ಮಾಡಿ. ಕೋಣೆಯ ಒಳಗಿನಿಂದಲೇ, ಮುಚ್ಚಿಗೆ ಹಲಗೆಗಳ ನಡುವಿನ ಸಂದು, ಗೋಡೆಯ ತಲೆಯಲ್ಲಿ ತೊಲೆ ಹೊಕ್ಕ ಜಾಗ, ವಯರು ಇಳಿದ ತೂತು ಎಲ್ಲಕ್ಕೂ ಪಟ್ಟಿ ಹೊಡೆಯಿರಿ. ಅದರ ಕೆಳಗೆ ದಪ್ಪ ತಾಡಪಾಲು ಬಿಗಿದು ಕಟ್ಟಿ. ಬಾವಲಿಯ ದಾರಿ ಹೊರಗಿನಿಂದ, ಅದಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಬೇರೆ ಕೋಣೆ ಇದ್ದರೆ ಮಗುವನ್ನು ಅಲ್ಲೇ ಮಲಗಿಸಿ. ನುಸಿಗುಳಿಗೆಯನ್ನಂತೂ ಅಟ್ಟಕ್ಕೆ ಎಸೆಯಲೇಬೇಡಿ. ಅದರ ಆವಿ ಕೆಲವು ಹಸುಗೂಸುಗಳ ಕೆಂಪು ರಕ್ತಕಣಗಳನ್ನೇ ಒಡೆದುಹಾಕುತ್ತದೆ. ಬಾವಲಿಗಿಂತ ಅದೇ ದೊಡ್ಡ ಅಪಾಯ. ಕಿವಿಗೆ ಕೇಳಿಸದ ಸದ್ದು ಮಾಡುವ ಯಂತ್ರಕ್ಕೂ ದುಡ್ಡು ಹಾಕಬೇಡಿ.

ಮಳೆ ಬಿಟ್ಟ ಮೇಲೆ ನಾಲ್ಕು ಸಂಜೆ, ಆರೂಕಾಲರಿಂದ ಏಳೂಕಾಲರವರೆಗೆ, ಮನೆಯ ಒಂದೊಂದು ಮೂಲೆಗೆ ಒಬ್ಬೊಬ್ಬರು ಕೂತು ಆಕಾಶಕ್ಕೆ ಮುಖಮಾಡಿ ಎಣಿಸಿ. ಮಕ್ಕಳಿಗೆ ಈ ಕೆಲಸ ಬಲು ಇಷ್ಟ. ಎಲ್ಲಿಂದ ಹೊರಬೀಳುತ್ತವೆ, ಎಷ್ಟು, ಬರೆದಿಡಿ. ನಮ್ಮಲ್ಲಿ ಪಡುವಣ ಸೂರಿನ ಒಂದೇ ಸಂದಿಯಿಂದ ಮೂವತ್ತೇಳು ಹೊರಬೀಳುತ್ತಿದ್ದವು. ಆ ದಾರಿಯನ್ನು ಬಿಟ್ಟು ಉಳಿದ ಸಂದುಗಳನ್ನೆಲ್ಲ ಮೊದಲು ಮುಚ್ಚಿ. ಕಿರುಬೆರಳು ಹೋಗುವ ಸಂದೂ ಅವಕ್ಕೆ ಬಾಗಿಲೇ.

ಆಮೇಲೆ ಆ ಒಂದು ದಾರಿಗೆ ಹೊರಗಿನಿಂದ ಪರದೆ. ಅಡಿಕೆ ಸಸಿಗೆ ನೆರಳು ಮಾಡುವ ಹಸಿರು ಬಲೆ ನಿಮ್ಮಲ್ಲಿ ಇದ್ದೇ ಇರುತ್ತದೆ. ಕಣ್ಣು ಸಣ್ಣದಿರಲಿ, ರೆಕ್ಕೆ ಸಿಕ್ಕಿಹಾಕಿಕೊಳ್ಳಬಾರದು. ಸಂದಿಯ ಮೇಲೆ ಮತ್ತು ಎರಡೂ ಬದಿಗೆ ಮೊಳೆ ಹೊಡೆದು, ಕೆಳಬದಿ ತೆರೆದು, ಸಂದಿಯಿಂದ ಎರಡಡಿ ಕೆಳಗೆ ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ತುಸು ಸಡಿಲ ಇರಲಿ. ಬಾವಲಿ ಒಳಗಿನಿಂದ ತೆವಳಿ ಕೆಳಗೆ ಜಾರಿ ಹಾರುತ್ತದೆ. ನಸುಕಿಗೆ ವಾಪಸ್ಸು ಬಂದಾಗ ಹಳೆಯ ಅಭ್ಯಾಸದಂತೆ ನೇರ ಸಂದಿಗೇ ಹೋಗುತ್ತದೆ, ಬಲೆ ಅಡ್ಡ ಸಿಗುತ್ತದೆ, ಕೆಳಗಿನ ಬಾಯಿ ಅದಕ್ಕೆ ಹೊಳೆಯುವುದಿಲ್ಲ. ಒಂದು ವಾರ ಹಾಗೇ ಬಿಡಿ. ಮತ್ತೆ ಎರಡು ಸಂಜೆ ಎಣಿಸಿ ಸೊನ್ನೆ ಬಂದ ಮೇಲಷ್ಟೇ ಬಲೆ ತೆಗೆದು ಗಾರೆಯೋ ತಂತಿಜಾಲರಿಯೋ ಹಾಕಿ.

ಹೆಂಚಿನ ಮಾಡನ್ನು ಪೂರ್ತಿ ಬಿಗಿಮಾಡಲು ಯಾರಿಂದಲೂ ಆಗದು. ಅದಕ್ಕೇ ಆ ಪಕ್ಕದಲ್ಲಿ ನಾಲ್ಕೈದು ಗಾಜಿನ ಹೆಂಚು ಹಾಕಿಸಿ. ಹಗಲು ಬೆಳಕು ಬೀಳುವ ಅಟ್ಟ ಬಾವಲಿಗೆ ಹಿಡಿಸುವುದಿಲ್ಲ. ನಮ್ಮ ಮನೆಯಲ್ಲಿ ಕೊನೆಗೆ ಕೆಲಸ ಮಾಡಿದ್ದು ಇದೇ. ಹೊರಹಾಕಿದವಕ್ಕೆಂದು ಕೊಟ್ಟಿಗೆಯ ಗೋಡೆಗೆ ಒಳಮೈ ಒರಟಾದ ಹಲಗೆಪೆಟ್ಟಿಗೆಯೊಂದನ್ನು, ಕೆಳಗೆ ಮುಕ್ಕಾಲು ಇಂಚು ಸಂದು ಬಿಟ್ಟು, ತೂಗುಹಾಕಿದ್ದೆ. ಎರಡು ವರ್ಷ ಖಾಲಿ ಇತ್ತು. ಮೂರನೇ ವರ್ಷ ಏಳೆಂಟು ಬಂದು ಸೇರಿದವು. ಈಗ ಸಂಜೆ ಕೊಟ್ಟಿಗೆ ದೀಪದ ಸುತ್ತ ಅವು ಹುಳ ಹಿಡಿಯುವುದನ್ನು ನೋಡುತ್ತ ಕೂರುತ್ತೇನೆ.

ಅಟ್ಟ ಗುಡಿಸುವ ಕೆಲಸ ಮಗಳ ಹತ್ತಿರ ಸುಳಿಯದಿರಲಿ. ಒಣಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರ ಇರಬಹುದು. ಮಾಸ್ಕು, ಕೈಗವಸು ಹಾಕಿ, ನೀರು ಚಿಮುಕಿಸಿ ಒದ್ದೆ ಮಾಡಿದ ಮೇಲೆ ಕೆರೆದು ತೆಗೆಯಬೇಕು. ತೆಗೆದದ್ದನ್ನು ಗೊಬ್ಬರಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಒಳ್ಳೆ ಗೊಬ್ಬರ.

ಪ್ರಶ್ನೆ: ನಮ್ಮ ಪೋರ್ಟಿಕೋ ಗೋಡೆ ತುಂಬ ರಾತ್ರಿ ಬಾವಲಿ ಕಂದು ಕಲೆ ಮಾಡುತ್ತದೆ. ಕೆಳಗೆ ಅಗಿದ ಹಣ್ಣು, ಬೀಜ. ಹಗಲು ಒಂದೂ ಕಾಣುವುದಿಲ್ಲ. ನಿಫಾ ಬರುತ್ತದೆಂದು ಮನೆಯಲ್ಲಿ ಹೆದರಿಕೆ.
– ಮೈಸೂರು

ಉತ್ತರ: ಅದು ನಿಮ್ಮಲ್ಲಿ ವಾಸ ಮಾಡುತ್ತಿಲ್ಲ, ಊಟಕ್ಕೆ ಬರುತ್ತಿದೆ. ಹತ್ತಿರದಲ್ಲಿ ಗಸಗಸೆ ಹಣ್ಣಿನ ಮರವೋ ಬಾದಾಮಿ ಮರವೋ ಇರಬೇಕು. ಹಣ್ಣು ಕಿತ್ತು ತಂದು, ಮಳೆಗಾಳಿ ತಾಕದ ನಿಮ್ಮ ಸೂರಿನಡಿ ನೇತಾಡಿ ತಿಂದು, ರಸ ಹೀರಿ ನಾರು ಉಗಿದು ಹೋಗುತ್ತದೆ. ಅದು ಕಾಲೂರುವ ಜಾಗ ಪತ್ತೆಮಾಡಿ (ಕಲೆಯ ನೇರ ಮೇಲೆ, ಹುಕ್ಕೋ ಒರಟು ಗಾರೆಯೋ ಇರುತ್ತದೆ) ಅಲ್ಲಿಗೆ ನುಣುಪು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಎರಡು ಮೂರು ಉದ್ದನೆ ರಿಬ್ಬನ್ ಇಳಿಬಿಡಿ. ಹಣ್ಣಿನ ಕಾಲ ಮುಗಿದರೆ ತಾನಾಗಿಯೇ ಬರುವುದು ಬಿಡುತ್ತದೆ.

ನಿಫಾ ಹೆದರಿಕೆಗೆ ಕಾರಣವಿದೆ. 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡಿನಲ್ಲಿ ಜೀವಗಳು ಹೋದವು. ಆದರೆ ಆ ವೈರಸ್ಸಿನ ಮುಖ್ಯ ಆಸರೆ ಎಂದು ಗುರುತಾಗಿರುವುದು ಊರ ಆಲದಲ್ಲಿ, ಅತ್ತಿಯಲ್ಲಿ ಹಿಂಡಾಗಿ ತೂಗುವ ದೊಡ್ಡ ತೋಳಬಾವಲಿ. ನಿಮ್ಮಲ್ಲಿಗೆ ಬರುವುದು ಅಂಗೈಯಗಲದ ಬೇರೆ ಜಾತಿ. ಯಾವುದೇ ಇರಲಿ, ಕಚ್ಚಿದ ಹಣ್ಣು ತಿನ್ನಬೇಡಿ, ಬಿದ್ದದ್ದನ್ನು ಬರಿಗೈಯಲ್ಲಿ ಎತ್ತಬೇಡಿ, ಗೋಡೆ ಸೋಪುನೀರಿನಲ್ಲಿ ತೊಳೆಯಿರಿ. ಮರ ಕಡಿಸುವ ಯೋಚನೆ ಬಿಡಿ. ಹಣ್ಣು ತಿನ್ನುವ ಬಾವಲಿಗಳನ್ನು 1972ರ ವನ್ಯಜೀವಿ ಕಾಯ್ದೆ ಇಲಿ, ಕಾಗೆಯ ಜತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ನನ್ನಂಥವರು ಬಹಳ ಕಾಲ ಕಾದಿದ್ದ ಬದಲಾವಣೆ ಅದು.

ಪ್ರಶ್ನೆ: ರಾತ್ರಿ ಬಾವಲಿ ಕೋಣೆಯೊಳಗೆ ನುಗ್ಗಿದರೆ?
– ದಾವಣಗೆರೆ

ಉತ್ತರ: ಮೊದಲು ಫ್ಯಾನು ಆರಿಸಿ. ನಾನು ನೋಡಿದ ಗಾಯಗೊಂಡ ಬಾವಲಿಗಳಲ್ಲಿ ಹೆಚ್ಚಿನವು ಫ್ಯಾನಿಗೆ ಸಿಕ್ಕಿದವು. ಒಳಬಾಗಿಲು ಹಾಕಿ, ಹೊರಕಿಟಕಿ ಪೂರ್ತಿ ತೆರೆದು, ದೀಪ ಆರಿಸಿ, ನೀವು ಹೊರಗೆ ಬನ್ನಿ. ಪೊರಕೆ ಎತ್ತಬೇಡಿ. ಬಹಳ ಸಲ ಕಾಲುಗಂಟೆಯಲ್ಲಿ ಅದೇ ಹೋಗಿರುತ್ತದೆ. ನೆಲಕ್ಕೆ ಬಿದ್ದಿದ್ದರೆ ಡಬ್ಬಿ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ದಪ್ಪ ಕೈಗವಸು ಹಾಕಿಯೇ ಎತ್ತಿ. ಕಚ್ಚಿದರೆ, ಚರ್ಮ ಗೀರಿದರೂ ಸಾಕು, ಹರಿಯುವ ನೀರಲ್ಲಿ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು, ಅವತ್ತೇ ವೈದ್ಯರಲ್ಲಿಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಬಾವಲಿಯನ್ನು ಅಂಗಳದಲ್ಲಿ ಬಿಡಬೇಡಿ, ನೆಲದಿಂದ ಹಾರಲು ಹಲವಕ್ಕೆ ಆಗುವುದಿಲ್ಲ. ಒರಟು ತೊಗಟೆಯ ಮರಕ್ಕೆ, ನಿಮ್ಮ ತಲೆಗಿಂತ ಎತ್ತರದಲ್ಲಿ ಡಬ್ಬಿಯ ಬಾಯಿ ಹಿಡಿಯಿರಿ. ಉಗುರಿನಿಂದ ತೊಗಟೆ ಹಿಡಿದು ಮೇಲೇರಿ, ಸ್ವಲ್ಪ ಹೊತ್ತು ಮೈ ಬೆಚ್ಚಗಾಗಿಸಿಕೊಂಡು ಹಾರುತ್ತದೆ. ಬೆಳಕು ಹರಿದ ಮೇಲೂ ಅಲ್ಲೇ ಇದ್ದರೆ ರೆಕ್ಕೆ ಮುರಿದಿರಬಹುದು, ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ. ಅವರು ಬರುವ ತನಕ ಬೆಕ್ಕು, ಕಾಗೆ ಹತ್ತಿರ ಬರದಂತೆ ಯಾರಾದರೊಬ್ಬರು ಕಾಯಿರಿ.