ಊರಿನಲ್ಲಿ ಯಾರಿಗೆ ಗೊತ್ತಿಲ್ಲ ಎಂದು ಮೊದಲು ಕೇಳು

ತಂಗಿ,

ನಿನ್ನ ಪತ್ರ ಓದಿದೆ. ಕೋಲಾರದಲ್ಲಿ ಪತ್ರಿಕೋದ್ಯಮದ ಎಂ.ಎ. ಮುಗಿಸಿದ್ದೀಯ. ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ ಕೆಲಸ ಮಾಡುವ ಸಿಂಗಪುರದ ಸಂಸ್ಥೆಯೊಂದು ಸಂವಹನ ವಿಭಾಗದಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಕೊಡುತ್ತೇನೆ ಎಂದಿದೆ. ಬರಲೇ, ಬೇಡವೇ ಎಂದು ಕೇಳಿದ್ದೀಯ. ಜೊತೆಗೆ ಊಟ, ರೂಮು, ಇಂಗ್ಲಿಷು, ಮುಂದೆ ಕಾಯಂ ಕೆಲಸ, ಹೆಣ್ಣುಮಗಳು ಒಬ್ಬಳೇ ಇರಬಹುದೇ ಎಂಬ ಅಪ್ಪನ ಆತಂಕ, ಎಲ್ಲವೂ ಇದೆ. ಅಣ್ಣ ಎಂದು ಕರೆದಿರುವುದರಿಂದ ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಸುಲಭವಾದದ್ದನ್ನು ಮೊದಲು ಮುಗಿಸುತ್ತೇನೆ. ಊಟದ ಚಿಂತೆ ಬಿಡು. ಇಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಕೋಮಳ ವಿಲಾಸ ಹೋಟೆಲು 1947ರಿಂದ ಇದೆ. ಮುಸ್ತಫಾ ಎಂಬ ದೊಡ್ಡ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಗಂಟಿಲ್ಲದೆ ಮುದ್ದೆ ಕಟ್ಟಲು ಬಂದರೆ ಸಾಕು. ಮುಳಬಾಗಿಲು ದೋಸೆ ಮಾತ್ರ ಇಲ್ಲ. ಆ ಹೆಸರು ಹೇಳಿ ಯಾರಾದರೂ ಏನಾದರೂ ಬಡಿಸಿದರೆ ನಂಬಬೇಡ. ರೂಮಿನ ಬಾಡಿಗೆ ವಿಪರೀತ. ಅವರು ಕೊಡುವ ಭತ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಹೊರಡು. ರಾತ್ರಿ ಹನ್ನೊಂದಕ್ಕೂ ಇಲ್ಲಿ ಹೆಣ್ಣುಮಕ್ಕಳು ಮೆಟ್ರೋದಲ್ಲಿ ಒಬ್ಬೊಬ್ಬರೇ ಮನೆಗೆ ಹೋಗುತ್ತಾರೆ. ಬೇಕಾದರೆ ಅಪ್ಪನ ಹತ್ತಿರ ನಾನೇ ಮಾತನಾಡುತ್ತೇನೆ. ಆದರೆ ನಾವು ಎರಡೂವರೆ ಗಂಟೆ ಮುಂದಿದ್ದೇವೆ, ಅಲ್ಲಿ ರಾತ್ರಿಯ ಊಟ ಮುಗಿಸಿ ಫೋನ್ ಮಾಡಿದರೆ ನಾನು ನಿದ್ದೆಯಲ್ಲಿರುತ್ತೇನೆ ಎಂದು ಹೇಳು. ಕಾಯಂ ಕೆಲಸದ ಮಾತು ಈಗ ಬೇಡ.

ಇನ್ನು ಇಂಗ್ಲಿಷು. ನಿನ್ನ ಇಂಗ್ಲಿಷ್ ಸಾಕು. ಇಂಗ್ಲಿಷ್ ಬರೆಯುವವರಿಗೆ ಇಲ್ಲಿನ ಸಂಸ್ಥೆಗಳಲ್ಲಿ ಬರವಿಲ್ಲ. ಭಾನುವಾರ ನಮ್ಮ ಕಡೆಯ ಕೆಲಸಗಾರರು ಸೇರುವ ಲಿಟಲ್ ಇಂಡಿಯಾ ಬಡಾವಣೆಯಲ್ಲಿ ಪುದುಕೋಟೆಯವನ ಮಾತನ್ನೂ ಕಡಪದವನ ಮಾತನ್ನೂ ನಿಂತಲ್ಲೇ ಅರ್ಥ ಮಾಡಿಕೊಳ್ಳುವವರಿಗೆ ಬರ. ತಮಿಳು ಇಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು, ಆದರೆ ಇಲ್ಲಿ ಹುಟ್ಟಿ ಬೆಳೆದವರ ತಮಿಳಿಗೂ ಕಟ್ಟಡದ ಕೆಲಸಕ್ಕೆ ಬಂದವನ ತಮಿಳಿಗೂ ಬಹಳ ಅಂತರ. ನೀನು ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡಿದವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೋಗಿಯಲ್ಲಿ ತಮಿಳು. ನಮ್ಮ ಜಿಲ್ಲೆಯವರಿಗೆ ಇದು ಹೇಳಿಕೊಳ್ಳುವ ವಿದ್ಯೆ ಅನ್ನಿಸುವುದೇ ಇಲ್ಲ. ಅರ್ಜಿಯಲ್ಲಿ ಅದನ್ನು ಎಲ್ಲಕ್ಕಿಂತ ಮೇಲೆ ಬರೆ.

ನರಸಾಪುರದ ಗುತ್ತಿಗೆ ಕಾರ್ಮಿಕರ ಬಗ್ಗೆ ಪ್ರಬಂಧ ಬರೆದಿದ್ದೀಯಲ್ಲ, ಅದನ್ನೂ ಮುಚ್ಚಿಡಬೇಡ. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಐಫೋನ್ ಜೋಡಿಸುವ ಕಾರ್ಖಾನೆಯ ಗಾಜನ್ನು ಕಾರ್ಮಿಕರು ಒಡೆದಾಗ ಟಿ.ವಿ.ಯವರು ಗಾಜನ್ನು ತೋರಿಸಿದರು. ಹೇಳಿದಷ್ಟು ಸಂಬಳ ಬಂದಿಲ್ಲ, ಓವರ್‌ಟೈಮ್ ಲೆಕ್ಕ ಸರಿಯಿಲ್ಲ ಎಂಬ ದೂರು ಆಮೇಲೆ ನಿಧಾನವಾಗಿ ಹೊರಗೆ ಬಂತು. ಇಲ್ಲಿ ನಿನ್ನ ಮೇಜಿನ ಮೇಲೆ ಬಂದು ಬೀಳುವುದೂ ಹೆಚ್ಚುಕಡಿಮೆ ಅದೇ ದೂರು. ವಲಸೆಯೂ ನಮಗೆ ಹೊಸದಲ್ಲ. ಕೆ.ಜಿ.ಎಫ್. ಗಣಿಗೆ ತಮಿಳು ಸೀಮೆಯಿಂದ ಜನರನ್ನು ಕರೆತಂದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆಗೆ ಬರುತ್ತಾರೆ.

2007ರಲ್ಲಿ ನಾನು ಬಂದಾಗ ಕೈಯಲ್ಲಿ ಸಿವಿಲ್ ಡಿಪ್ಲೊಮಾ ಇತ್ತು, ಹಾಗಾಗಿ ಸೈಟ್ ಸೂಪರ್‌ವೈಸರ್. ವಿಮಾನ ನಿಲ್ದಾಣಕ್ಕೆ ಕಂಪನಿಯ ಲಾರಿ ಬಂದಿತ್ತು. ನನ್ನನ್ನು ಡ್ರೈವರ್ ಪಕ್ಕದಲ್ಲಿ ಕೂರಿಸಿದರು. ಅದೇ ವಿಮಾನದಲ್ಲಿ ಬಂದ ಹುಡುಗರು ಪೆಟ್ಟಿಗೆಗಳ ಜೊತೆ ಹಿಂದೆ ಕುಳಿತರು. ಟೊಮೆಟೊ ಲೋಡಿನ ಮೇಲೆ ಕುಳಿತು ಕೋಲಾರದ ಮಾರುಕಟ್ಟೆಗೆ ಹೋಗಿ ಬಂದವನಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಸೀಟ್ ಬೆಲ್ಟ್ ಹಾಕಿಲ್ಲವೆಂದು ಡ್ರೈವರ್ ನನ್ನ ಮೇಲೆ ರೇಗಿದಾಗ ತಿರುಗಿ ನೋಡಿದೆ. ಹಿಂದಿದ್ದವರಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಅಷ್ಟೆ. ಆಮೇಲೆ ಮೇಲ್ಛಾವಣಿ, ಎತ್ತರದ ತಡೆಸರಳು ಕಡ್ಡಾಯವಾದವು. ಆದರೆ ಲಾರಿಯ ಹಿಂಭಾಗದಲ್ಲಿ ಕೆಲಸಗಾರರನ್ನು ಸಾಗಿಸುವುದು ನಿಂತಿಲ್ಲ, ಇಲ್ಲಿನ ಸಂಸ್ಥೆಗಳು ಅದರ ಬಗ್ಗೆ ಬರೆಯುವುದನ್ನೂ ನಿಲ್ಲಿಸಿಲ್ಲ.

ಹಾಗೆ ಹಿಂದೆ ಕುಳಿತು ಬರುವವನ ತಲೆಯ ಮೇಲೆ ಸಾಲವಿರುತ್ತದೆ ಎಂಬುದು ಮಾತ್ರ ಮೊದಲೇ ನಿನಗೆ ತಿಳಿದಿರಲಿ. ಇಲ್ಲಿನ ಏಜೆನ್ಸಿ ಅವನಿಂದ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಊರಿನ ಏಜೆಂಟ್ ಕಿತ್ತುಕೊಂಡದ್ದು ಈ ಕಾನೂನಿನ ಕೈಗೆ ಸಿಗುವುದಿಲ್ಲ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿದಂತೆ ಕೆಲವು ದೇಶಗಳಿಗೆ ದುಡಿಯಲು ಹೋಗಬೇಕಾದರೆ ನಮ್ಮ ಸರ್ಕಾರದ ವಲಸೆ ಅನುಮತಿ ಬೇಕು. ಅಂಥ 18 ದೇಶಗಳ ಪಟ್ಟಿಯಲ್ಲಿ ಸಿಂಗಪುರವೇ ಇಲ್ಲ, ಹಾಗಾಗಿ ಹೊರಡುವ ಮುಂಚೆ ಕಾಗದ ನೋಡಿ ಪ್ರಶ್ನೆ ಕೇಳುವವರೂ ಇಲ್ಲ. ಎಲ್ಲರಿಗೂ ಅನ್ವಯಿಸುವ ಕನಿಷ್ಠ ವೇತನ ಇಲ್ಲಿ ಇಲ್ಲ. ದಿನಕ್ಕೆ 18 ಡಾಲರ್ ಮೂಲ ಸಂಬಳ ಎಂದು ನಮೂದಿಸಿದ ಚೀಟಿಗಳನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಸಂಬಳದ ಜಗಳವೋ ಗಾಯದ ಪರಿಹಾರವೋ ಶುರುವಾದರೆ ಕೆಲಸದ ಪರವಾನಗಿ ಹೋಗಿ ಸ್ಪೆಷಲ್ ಪಾಸ್ ಎಂಬುದು ಕೈಗೆ ಬರುತ್ತದೆ. ದೇಶದಲ್ಲಿ ಇರಬಹುದು, ಸಾಮಾನ್ಯವಾಗಿ ದುಡಿಯುವಂತಿಲ್ಲ. ಹಾಗೆ ಕಾಯುತ್ತಾ ಕುಳಿತವರಿಗಾಗಿಯೇ ಟ್ರಾನ್ಸಿಯೆಂಟ್ ವರ್ಕರ್ಸ್ ಕೌಂಟ್ ಟೂ ಎಂಬ ಸಂಸ್ಥೆ 2008ರಿಂದ ಲಿಟಲ್ ಇಂಡಿಯಾದಲ್ಲಿ ಉಚಿತ ಊಟ ಹಾಕುತ್ತಿದೆ.

ಈಗ ನೀನು ಕೇಳದಿದ್ದ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ.

ಭಾನುವಾರ ಒಂದು ಸಂಸ್ಥೆಗೆ ಹೋಗಿ ತೆಲುಗು, ತಮಿಳು ಮಾತನ್ನು ಇಂಗ್ಲಿಷಿಗೆ ಹೇಳಿಕೊಡುವುದು ನನಗೆ ಹಳೆಯ ಅಭ್ಯಾಸ. 2014ರ ಸುಮಾರಿಗೆ ಮದನಪಲ್ಲಿ ಕಡೆಯ ಹುಡುಗನೊಬ್ಬ ಬಂದ. ನಮ್ಮ ಗಡಿಯಾಚೆಯವನು, ನಮ್ಮಜ್ಜಿಯ ತೆಲುಗನ್ನೇ ಆಡುವವನು. ಕಂಬಿ ಬಗ್ಗಿಸುವ ಯಂತ್ರಕ್ಕೆ ಎಡಗೈಯ ಎರಡು ಬೆರಳು ಸಿಕ್ಕಿ ನಡುಗೆಣ್ಣಿನವರೆಗೆ ಹೋಗಿದ್ದವು. ಕಂಪನಿ ಕರೆದೊಯ್ದ ವೈದ್ಯರು ಎರಡು ದಿನ ರಜೆ ಬರೆದು, ಆಮೇಲೆ ಹಗುರವಾದ ಕೆಲಸ ಮಾಡಬಹುದು ಎಂದು ಷರಾ ಹಾಕಿದ್ದರು. ಮೂರು ದಿನಕ್ಕಿಂತ ಹೆಚ್ಚು ರಜೆ ಬರೆದರೆ ಮಾಲೀಕ ಸರ್ಕಾರಕ್ಕೆ ವರದಿ ಮಾಡಬೇಕಿದ್ದ ಕಾಲ ಅದು. ಎರಡೇ ದಿನ ಯಾಕೆ ಎಂಬುದು ನಿನಗೆ ಅರ್ಥವಾಯಿತಲ್ಲ. 2020ರ ಸೆಪ್ಟೆಂಬರ್‌ನಿಂದ ಒಂದು ದಿನದ ರಜೆ ಬರೆದರೂ, ಹಗುರ ಕೆಲಸ ಎಂದು ಬರೆದರೂ ವರದಿ ಮಾಡಲೇಬೇಕು. ಇಂಥ ಪ್ರಕರಣಗಳನ್ನು ಬಿಡದೆ ಬರೆದವರ ಶ್ರಮವೂ ಅದರ ಹಿಂದೆ ಇದೆ ಎಂದೇ ನಾನು ನಂಬಿದ್ದೇನೆ. ಆದ್ದರಿಂದ ಬರೆಯಬೇಡ ಎಂದು ನಿನಗೆ ಹೇಳುತ್ತಿಲ್ಲ.

ಅವನ ಕಥೆಯನ್ನು ಬರೆಯಲೇ ಎಂದು ಅಲ್ಲಿದ್ದ ಸ್ವಯಂಸೇವಕಿ ಕೇಳಿದಳು. ಬರೆಯಿರಿ ಎಂದ. ಒಪ್ಪಿಗೆಯ ನಮೂನೆಯನ್ನು ಸಾಲುಸಾಲಾಗಿ ಓದಿ ಹೇಳಿದೆವು, ಸಹಿ ಹಾಕಿದ. ಹೆಸರು ಬದಲಾಯಿಸಿದಳು, ಮುಖ ತೋರಿಸಲಿಲ್ಲ, ಬ್ಯಾಂಡೇಜು ಸುತ್ತಿದ ಕೈಯ ಫೋಟೊ ಮಾತ್ರ ಹಾಕಿದಳು. ಮಣಿಕಟ್ಟಿನ ಮೇಲೆ ತಾಯಿಯ ಹೆಸರಿನ ಹಚ್ಚೆ ಇತ್ತು. ಕಡಪ, ಮದನಪಲ್ಲಿ ಕಡೆಯ ಎಷ್ಟೋ ಮನೆಗಳವರು ಕುವೈತಿನಲ್ಲಿದ್ದಾರೆ. ಲೇಖನ ಸಿಂಗಪುರದಿಂದ ಕುವೈತಿಗೆ ಹೋಯಿತು, ಅಲ್ಲಿ ದೂರದ ಸಂಬಂಧಿಯೊಬ್ಬ ಹಚ್ಚೆಯನ್ನು ಗುರುತು ಹಿಡಿದ, ಅವನ ಮೊಬೈಲಿನಿಂದ ಊರಿಗೆ ಹೋಯಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದಿದ್ದ ತಾಯಿಗೆ ಯಾರೋ ಹುಡುಗ ಫೋಟೊ ತೋರಿಸಿದ.

ಮಗನಿಗೆ ಗಾಯವಾಗಿರುವುದೇ ಅವಳಿಗೆ ಗೊತ್ತಿರಲಿಲ್ಲ.

ಅವನು ಅಷ್ಟು ದಿನವೂ ಮನೆಗೆ ತಪ್ಪದೆ ಫೋನ್ ಮಾಡಿದ್ದ. ವಿಡಿಯೊ ಕರೆಯಲ್ಲಿ ಮುಖ ಮಾತ್ರ ಕಾಣುವಂತೆ ಮೊಬೈಲನ್ನು ಮಂಚದ ಸರಳಿಗೆ ಒರಗಿಸಿ, ಎಡಗೈಯನ್ನು ಹೊದಿಕೆಯ ಕೆಳಗೆ ಇಟ್ಟುಕೊಂಡು ಮಾತನಾಡುತ್ತಿದ್ದನಂತೆ. ಡಾರ್ಮಿಟರಿಯ ಗೆಳೆಯರಿಂದ ಕೈಗಡ ತೆಗೆದು ಸಾಲದ ಕಂತನ್ನೂ ಕಳಿಸಿದ್ದ. ಫೋಟೊ ಊರು ತಲುಪಿದ ದಿನವೇ ಏಜೆಂಟಿಗೆಂದು ದುಡ್ಡು ಕೊಟ್ಟಿದ್ದವನು ಮನೆಗೆ ಬಂದು ಜಮೀನಿನ ಪತ್ರ ಕೇಳಿದ.

ಆ ರಾತ್ರಿ ಅವನು ನನಗೆ ಫೋನ್ ಮಾಡಿದ. ಬೈಯಲಿಲ್ಲ. "ಕೈ ವಾಸಿಯಾದ ಮೇಲೆ ನಾನೇ ಹೇಳಬೇಕೆಂದಿದ್ದೆ, ಅಣ್ಣಾ" ಎಂದ. ಲೇಖನವನ್ನು ತೆಗೆಸಿದೆವು, ಮೊಬೈಲಿನಿಂದ ಮೊಬೈಲಿಗೆ ಹೋದದ್ದನ್ನು ಯಾರು ತೆಗೆಸುತ್ತಾರೆ? ಎಷ್ಟೋ ತಿಂಗಳ ಮೇಲೆ ಪರಿಹಾರ ಮಂಜೂರಾಯಿತು, ಊರಿಗೆ ಹೋದ. ಅವನ ಇಲ್ಲಿನ ನಂಬರ್ ನಿಂತುಹೋಯಿತು, ಊರಿನ ನಂಬರ್ ನನಗೆ ಕೊಡಲಿಲ್ಲ. ಜಮೀನು ಉಳಿಯಿತೋ ಇಲ್ಲವೋ ಎಂಬುದು ಈಗಲೂ ಒಮ್ಮೊಮ್ಮೆ ತಲೆಗೆ ಬರುತ್ತದೆ.

ಬರೆದ ಹುಡುಗಿ ನಿಯಮದಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಆ ನಮೂನೆಯಲ್ಲಿ ಮಾಲೀಕನ ಭಯ, ಸರ್ಕಾರದ ಭಯ, ಏಜೆಂಟಿನ ಭಯ ಎಲ್ಲಕ್ಕೂ ಒಂದೊಂದು ಪ್ರಶ್ನೆ ಇತ್ತು. ಅಮ್ಮನ ಬಗ್ಗೆ ಇರಲಿಲ್ಲ. ಅಂದಿನಿಂದ ನಾನು ಮಾತು ಹೇಳಿಕೊಡಲು ಕುಳಿತರೆ ಒಂದು ಪ್ರಶ್ನೆಯನ್ನು ನಾನೇ ಸೇರಿಸುತ್ತೇನೆ: ಊರಿನಲ್ಲಿ ಇದು ಯಾರಿಗೆ ಗೊತ್ತಿಲ್ಲ? ಕೆಲವರು ಹೆಂಡತಿಗೆ ಗೊತ್ತು, ಮಾವನಿಗೆ ಗೊತ್ತಿಲ್ಲ ಎನ್ನುತ್ತಾರೆ. ಕೆಲವರು ಉತ್ತರ ಹೇಳದೆ ಎದ್ದು ಟೀ ತರಲು ಹೋಗುತ್ತಾರೆ. ಹಾಗೆ ಎದ್ದುಹೋದವನ ಕಥೆಯನ್ನು ಆ ವಾರ ಬರೆಯಬೇಡ, ಅವನು ಎಷ್ಟೇ ಸಹಿ ಹಾಕಿರಲಿ.

ನಿನ್ನ ಜೊತೆ ಕೆಲಸ ಮಾಡುವವರು ಬುದ್ಧಿವಂತರು, ಒಳ್ಳೆಯವರು. ಆದರೆ ಆಸ್ಪತ್ರೆಗೆ ಸೇರಿದ್ದನ್ನು ಮನೆಗೆ ಬಂದ ಮೇಲೆ ಹೇಳುವ ಜನ ನಾವು ಎಂಬುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. ನಿನಗೆ ವಿವರಿಸಿ ಹೇಳಬೇಕಿಲ್ಲ. 2020ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕೆಲಸಗಾರರನ್ನು ಡಾರ್ಮಿಟರಿಗಳಲ್ಲೇ ಕೂಡಿಹಾಕಿದ್ದರು. ವರ್ಷದ ಕೊನೆಗೆ ನೋಡಿದರೆ ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಕೊರೋನಾ ತಗಲಿತ್ತು. ಆಗ ಊರಿನಿಂದ ಫೋನ್ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, "ನಾನು ಆರಾಮಾಗಿದ್ದೇನೆ". ಆ ವರ್ಷ ನನಗೂ ಬಂದಿತ್ತು. ಅಮ್ಮನಿಗೆ ಇಂದಿಗೂ ಗೊತ್ತಿಲ್ಲ. ನೀನು ಮುಳಬಾಗಿಲಿನ ಕಡೆ ಹೋದರೆ ಬಾಯಿ ಬಿಡಬೇಡ.

ಕೆಲಸ ಹೇಗಿರುತ್ತದೆ ಎಂದೂ ಕೇಳಿದ್ದೀಯ. ಪ್ರಕರಣಗಳನ್ನು ಬರೆಯುವುದು, ದಾನಿಗಳಿಗೆ ವರದಿ, ಚಿತ್ರಗಳಿಗೆ ಅಡಿಬರಹ, ಇಂಥವೇ. ಹಕ್ಕುಗಳ ಬಗ್ಗೆ ಅಂದವಾದ ಕರಪತ್ರ ಮಾಡಿಸುತ್ತಾರೆ. ಹನ್ನೆರಡು ಗಂಟೆ ದುಡಿದು ಬಂದವನು ಅದನ್ನು ಓದುವುದಿಲ್ಲ. ಒಂದು ನಿಮಿಷದ ಧ್ವನಿ ಸಂದೇಶ ಮಾಡಿ ಕಳಿಸು, ಕೇಳುತ್ತಾನೆ, ಕೋಣೆಯಲ್ಲಿ ಇರುವವರಿಗೆಲ್ಲ ಕಳಿಸುತ್ತಾನೆ. ಅದರಲ್ಲೂ ಮೊದಲ ವಾಕ್ಯದಲ್ಲೇ ಗಡುವನ್ನು ಹೇಳು: ಕೆಲಸ ಬಿಟ್ಟ ಮೇಲೆ ಸಂಬಳದ ದೂರು ಕೊಡಲು ಆರು ತಿಂಗಳು ಮಾತ್ರ. ಎರಡನೆಯ ವಾಕ್ಯ, ಹಾಜರಿ ಚೀಟಿಯ ಫೋಟೊವನ್ನು ದಿನಾ ತೆಗೆದಿಟ್ಟುಕೊಳ್ಳಬೇಕು ಎಂದು. ಮಿಕ್ಕದ್ದು ಆಮೇಲೆ.

ಬರವಣಿಗೆಯಲ್ಲಿ ಊರಿನ ಧೈರ್ಯ ಇಲ್ಲಿ ನಡೆಯುವುದಿಲ್ಲ. 2019ರಲ್ಲಿ ಸುಳ್ಳು ಸುದ್ದಿಯ ವಿರುದ್ಧ ಕಾನೂನು ಬಂದಿದೆ. ಪ್ರಕಟಿಸಿದ್ದು ಸುಳ್ಳು ಎಂದು ಸಚಿವರಿಗೆ ಅನ್ನಿಸಿದರೆ ತಿದ್ದುಪಡಿ ಹಾಕುವಂತೆ ಆದೇಶ ಕೊಡಬಹುದು. ಒಂದು ಅಂಕಿ ತಪ್ಪಿದರೆ ಸಂಸ್ಥೆಯ ಹತ್ತು ವರ್ಷದ ಮಾತಿಗೆ ಬೆಲೆ ಇರುವುದಿಲ್ಲ. ಹಾಂಗ್ ಲಿಮ್ ಪಾರ್ಕಿನಲ್ಲಿ ಸಭೆ ಇದೆ ಎಂದು ಗೆಳತಿಯರು ಕರೆದರೂ ಹೋಗಬೇಡ, ಅಂಥ ಸಭೆ ಇಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಕೋಲಾರದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂತು ಅಭ್ಯಾಸವಿದ್ದರೆ ಅದನ್ನು ದೇವನಹಳ್ಳಿಯಲ್ಲೇ ಬಿಟ್ಟು ವಿಮಾನ ಹತ್ತು.

ಕೊನೆಗೆ, ನಿನ್ನ ಪತ್ರದಲ್ಲಿ ನನಗೆ ಇಷ್ಟವಾಗದ ಒಂದೇ ಸಂಗತಿ. ವೀಸಾದ ಬಗ್ಗೆ ಬಂದ ಮೇಲೆ ನೋಡೋಣ ಎಂದಿದ್ದಾರೆ ಎಂದು ಬರೆದಿದ್ದೀಯ. ಅದಾಗದು. ತರಬೇತಿಗೆ ಬರುವವರಿಗೆ ಟ್ರೇನಿಂಗ್ ಎಂಪ್ಲಾಯ್‌ಮೆಂಟ್ ಪಾಸ್ ಎಂಬುದಿದೆ, ಅದರ ಅವಧಿ ಹೆಚ್ಚೆಂದರೆ 3 ತಿಂಗಳು, ಮುಂದುವರಿಸಲು ಆಗುವುದಿಲ್ಲ. ನಿನಗೆ ಹೇಳಿರುವುದು ಆರು ತಿಂಗಳು. ವಿದ್ಯಾರ್ಥಿಗಳಿಗೆ ಇರುವ ವರ್ಕ್ ಹಾಲಿಡೇ ಪಾಸಿನಲ್ಲಿ ಭಾರತದ ವಿಶ್ವವಿದ್ಯಾಲಯಗಳೇ ಇಲ್ಲ. ಪ್ರವಾಸಿಯಾಗಿ ಬಂದು ಕಚೇರಿಯಲ್ಲಿ ಕುಳಿತರೆ, ಕಾರ್ಮಿಕರ ಹಕ್ಕು ಬರೆಯುವವಳೇ ಪಾಸಿಲ್ಲದೆ ದುಡಿದಂತಾಗುತ್ತದೆ. ಯಾವ ಪಾಸು, ಎಷ್ಟು ತಿಂಗಳು, ಅರ್ಜಿ ಹಾಕುವವರು ಯಾರು, ಭತ್ಯೆ ಎಷ್ಟು ಎಂಬುದನ್ನು ಅವರ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು ನನಗೆ ಕಳಿಸು, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಟಿಕೆಟ್ ತೆಗೆಸಬೇಡ. ಅಪ್ಪ ಒಡವೆ ಅಡವಿಡಲು ಹೊರಟಿದ್ದರೆ ಅದನ್ನೂ ತಡೆ.