ಅಪ್ಪ ‘ಈಗ ಪರವಾಗಿಲ್ಲ’ ಅಂದ ರಾತ್ರಿ

ತಮ್ಮಾ, ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ತಿಂಗಳಾಯ್ತು, ಚಳಿ ಊಟ ಹೇಗೋ ಒಗ್ಗಿತು, ಊರಲ್ಲಿ ಅಪ್ಪ ಅಮ್ಮ ಹುಷಾರು ತಪ್ಪಿದರೆ ಇಲ್ಲಿ ಕೂತು ಏನು ಮಾಡೋದಕ್ಕಾ ಅಂತ ಕೇಳಿದ್ದೀಯ. ಬಾಡಿಗೆ ಮನೆ, ಬ್ಯಾಂಕು, ಜಿಪಿ (ಇಲ್ಲಿನ ಬಡಾವಣೆ ಡಾಕ್ಟರ್) ನೋಂದಣಿ ಯಾರು ಬೇಕಾದರೂ ಹೇಳಿಕೊಡ್ತಾರೆ. ನಾನು ಫೋನಿನ ವಿಷಯ ಹೇಳ್ತೀನಿ.

ನಮ್ಮಪ್ಪ ಮೂಡಿಗೆರೆ ಹತ್ತಿರದ ತೋಟದಲ್ಲಿದ್ದರು. ಮಂಡಿನೋವಿಗೆ ದಿನಾ ಡೈಕ್ಲೋಫೆನಾಕ್ ಮಾತ್ರೆ, ಜೊತೆಗೆ ಬೀಡಿ. ಹೊಟ್ಟೆಯೊಳಗೆ ಹುಣ್ಣಾಗಿತ್ತು ಅಂತ ಗೊತ್ತಾಗಿದ್ದು ಆಮೇಲೆ. (ಎಲ್ಲರೂ ಕಾಫಿಯನ್ನೇ ಬೈದರು, ಪಾಪ. ಹುಣ್ಣಿಗೆ ಕಾರಣ ಇಂಥ ನೋವಿನ ಮಾತ್ರೆ, ಬೀಡಿ, ಇಲ್ಲವೇ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ.) ಒಂದು ಸಂಜೆ ಇದ್ದಕ್ಕಿದ್ದಂತೆ ಚೂರಿ ಹಾಕಿದ ಹಾಗೆ ಹೊಟ್ಟೆನೋವು. ಅಮ್ಮ ಗ್ಯಾಸು ಅಂತ ಜೀರಿಗೆ ಕಷಾಯ ಕುಡಿಸಿದರು. ಪೇಟೆಯ ಕ್ಲಿನಿಕ್ಕಿನಲ್ಲೂ ಗ್ಯಾಸಿಗೇ ಇಂಜೆಕ್ಷನ್. ರಾತ್ರಿ ಅಪ್ಪ ಫೋನಲ್ಲಿ ‘ಈಗ ಪರವಾಗಿಲ್ಲ ಮಗಾ’ ಅಂದರು. ನಾನು ನೆಮ್ಮದಿಯಾಗಿ ಮಲಗಿದೆ.

ಅಪ್ಪನ ಹುಣ್ಣು ಅಷ್ಟರಲ್ಲಿ ತೂತು ಬಿದ್ದಿತ್ತು. ಹಾಗೆ ತೂತು ಬಿದ್ದ ಕೆಲವು ಗಂಟೆಗಳಿಗೆ ನೋವು ತುಸು ತಗ್ಗೋದುಂಟಂತೆ. ಆ ಹೊತ್ತಲ್ಲೇ ಒಳಗೆ ಸೋಂಕು ಹರಡ್ತಿರುತ್ತೆ. ಮರುದಿನ ಹೊಟ್ಟೆ ಹಲಗೆ ಥರ ಬಿಗಿದುಕೊಂಡಿತ್ತು. ಚಿಕ್ಕಮಗಳೂರಿನಲ್ಲಿ ನಿಲ್ಲಿಸಿ ತೆಗೆದ ಎಕ್ಸ್‌-ರೇಯಲ್ಲಿ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ) ಕೆಳಗೆ ಗಾಳಿ ಕಂಡಿತು, ತೂತಿನಿಂದ ಸೋರಿದ್ದು.

ಸರ್ಜನ್‌ಗೆ ಫೋನ್ ಮಾಡಿದರೆ, ತೂತು ಎಷ್ಟು ದೊಡ್ಡದು ಅಂತ ನಾನು ಕೇಳೋ ಮೊದಲೇ ಅವರದ್ದೇ ಪ್ರಶ್ನೆ: ನೋವು ಎಷ್ಟು ಗಂಟೆಗೆ ಶುರುವಾಯ್ತು? ಹೃದಯ, ಕಿಡ್ನಿ, ಶ್ವಾಸಕೋಶದ ಕಾಯಿಲೆ ಇದೆಯಾ? ಬಿಪಿ ಆಗಲೇ ಕುಸಿದಿತ್ತು. ಆಮೇಲೆ ಓದಿಕೊಂಡೆ. ಹಾಂಕಾಂಗ್‌ನ ಸರ್ಜನ್ ಬೋಯಿ ಮತ್ತು ಸಂಗಡಿಗರು 1987ರಲ್ಲಿ ತೂಗಿ ನೋಡಿದ್ದೂ ಇದೇ ಮೂರನ್ನ: 24 ಗಂಟೆ ಮೀರಿದ ತೂತು, ಆಪರೇಷನ್ನಿಗೆ ಮುಂಚೆಯೇ ಶಾಕ್ (ಅಂದರೆ ಬಿಪಿ ಕುಸಿಯೋದು), ಮೊದಲಿಂದ ಇರೋ ದೊಡ್ಡ ಕಾಯಿಲೆ. ಮೂರೂ ಕೂಡಿದರೆ ಬದುಕೋದು ಬಲು ಕಷ್ಟ. ವಯಸ್ಸಾದವರಿಗೆ ಇನ್ನೂ ಕಷ್ಟ. ಅವರಲ್ಲಿ ನೋವೇ ಜೋರಾಗಿ ಕಾಣದೆ ಇರಬಹುದು. ಡೆನ್ಮಾರ್ಕಿನವರು 2013ರಲ್ಲಿ ಲೆಕ್ಕ ಹಾಕಿದ ಹಾಗೆ, ಆಸ್ಪತ್ರೆ ಸೇರಿದ ಮೇಲೂ ಆಪರೇಷನ್ ಒಂದೊಂದು ಗಂಟೆ ತಡವಾದಷ್ಟೂ ಉಳಿಯುವ ಸಾಧ್ಯತೆ ಶೇ 2.4ರಷ್ಟು ಇಳೀತದೆ.

ಕೊಬ್ಬಿನ ಪದರದ ತೇಪೆ ಹಾಕಿ ತೂತು ಮುಚ್ಚಿದರು. ಅಪ್ಪ ಉಳಿದರು, ಮೂರು ವಾರ ಆಸ್ಪತ್ರೆಯಲ್ಲಿ. ಬೀಡಿ ಬಿಟ್ಟರು ಅಂತ ಅಮ್ಮ ಹೇಳ್ತಾರೆ, ನನಗೆ ಅನುಮಾನ.

ಅದಕ್ಕೇ, ಫೋನಲ್ಲಿ ‘ಹೇಗಿದೀರಾ’ ಅಂತ ಕೇಳಬೇಡ. ಪರವಾಗಿಲ್ಲ ಅಂದೇ ಅಂತಾರೆ. ನೋವು ಎಷ್ಟೊತ್ತಿಗೆ ಬಂತು, ನಿಧಾನಕ್ಕೋ ಒಮ್ಮೆಲೇನೋ, ಹೊಟ್ಟೆ ಮುಟ್ಟಿದರೆ ಗಟ್ಟಿಯಾ, ಯಾವ ಮಾತ್ರೆ ನುಂಗ್ತಿದಾರೆ ಅಂತ ಕೇಳು. ಮಾತ್ರೆ ಶೀಟನ್ನ ವಿಡಿಯೋದಲ್ಲಿ ತೋರಿಸೋಕೆ ಹೇಳು. ಈ ಡೈಕ್ಲೋಫೆನಾಕ್ ಮಾತ್ರೆಯನ್ನ ಬ್ರಿಟನ್ನಿನಲ್ಲಿ 2015ರಿಂದ ಡಾಕ್ಟರ್ ಚೀಟಿ ಇಲ್ಲದೆ ಕೊಡಲ್ಲ. ನಮ್ಮೂರಲ್ಲಿ ಶೀಟುಗಟ್ಟಲೆ ಸಿಗುತ್ತೆ. ಇನ್ನೊಂದು: ಜೀಪ್ ಇರೋ ಪಕ್ಕದ ತೋಟದವರ ನಂಬರು ಇವತ್ತೇ ಬರಕೋ. 108 ಇದೆ, ಆದರೆ ಮಳೆಗಾಲದಲ್ಲಿ ನಮ್ಮ ದಾರಿ ನಿನಗೆ ಗೊತ್ತಲ್ಲ.