ಉದ್ದದ ಇಂಗ್ಲಿಷ್ ಪದದಲ್ಲಿ ಒತ್ತು ಎಲ್ಲಿ?

ವ್ಯಾಕರಣ ಸರಿಯಿದ್ದರೂ ಉದ್ದದ ಪದ ಬಂದಾಗಲೆಲ್ಲ ಆಫೀಸಿನಲ್ಲಿ ಎದುರಿನವರು ಮತ್ತೆ ಮತ್ತೆ ‘ಏನಂದ್ರಿ?’ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬೇಜಾರಾಗಬೇಡಿ. ಇಷ್ಟು ವರ್ಷ ಇಲ್ಲಿದ್ದು ನಾನು ಕಂಡಂತೆ, ಹೊಸದಾಗಿ ಬಂದ ನಮ್ಮವರಿಗೆ ಹೆಚ್ಚಾಗಿ ತೊಡಕಾಗುವುದು ಒತ್ತು, ಅಂದರೆ ಸ್ಟ್ರೆಸ್. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ತುಂಡು ಎದ್ದು ಕೇಳಬೇಕು, ಉಳಿದವು ತಗ್ಗಬೇಕು. ಕೇಳುವವರ ಕಿವಿ ಆ ಎದ್ದ ತುಂಡನ್ನೇ ಹುಡುಕುತ್ತಿರುತ್ತದೆ.

ಮೊದಲು ಪದವನ್ನು ತುಂಡು ಮಾಡಿ. ಸ್ಪೆಲ್ಲಿಂಗ್ ಮರೆತುಬಿಡಿ, ಸ್ವರ ಎಷ್ಟು ಸಲ ಕೇಳುತ್ತದೆ ಅಂತ ಎಣಿಸಿ. ಕಂಫರ್ಟಬಲ್ ಅನ್ನು ಇಲ್ಲಿ ಬಹಳ ಜನ ಕಂಫ್-ಟ-ಬಲ್ ಅಂತ ಮೂರೇ ತುಂಡಿನಲ್ಲಿ ಮುಗಿಸುತ್ತಾರೆ.

ಆಮೇಲೆ ಪದದ ಬಾಲ ನೋಡಿ. ಕೊನೆಯಲ್ಲಿ ‘ಶನ್’ ಇದ್ದರೆ ಅದರ ಹಿಂದಿನ ತುಂಡಿಗೆ ಒತ್ತು: ಆರ್-ಗ-ನೈ-ಜೇ-ಶನ್, ಒತ್ತು ಜೇ ಮೇಲೆ. ‘ಇಟಿ’ ಇದ್ದರೆ ಕೊನೆಯಿಂದ ಮೂರನೆಯದಕ್ಕೆ: ರಿ-ಸ್ಪಾನ್-ಸ-ಬಿ-ಲಿ-ಟಿ, ಒತ್ತು ಬಿ ಮೇಲೆ. ‘ಇಕ್’ ಇದ್ದರೆ ಸಾಮಾನ್ಯವಾಗಿ ಅದರ ಹಿಂದಿನದಕ್ಕೆ. ಪಾಲಿಟಿಕ್ಸ್, ಅರೇಬಿಕ್ ಥರದ ಕೆಲವು ಈ ನಿಯಮಕ್ಕೆ ಸಿಗುವುದಿಲ್ಲ, ಅವುಗಳಲ್ಲಿ ಒತ್ತು ಮೊದಲ ತುಂಡಿಗೇ.

ಎಕಾನಮಿ ಅನ್ನುವ ಪದವನ್ನೇ ತಗೊಳ್ಳಿ. ಇ-ಕಾ-ನ-ಮಿ, ಒತ್ತು ಕಾ ಮೇಲೆ. ಎಕನಾಮಿಕ್ ಆದ ಕೂಡಲೇ ಎ-ಕ-ನಾ-ಮಿಕ್, ಒತ್ತು ನಾ ಮೇಲೆ. ಆಗಲೇ ಜೋರಾಗಿದ್ದ ‘ಕಾ’ ಈಗ ಸಣ್ಣ ‘ಕ’ ಆಗಿ ಸವೆದುಹೋಯಿತು, ಅಲ್ವಾ? ನಮ್ಮವರು ಬಿಡುವುದು ಇದನ್ನೇ. ಒತ್ತು ಹಾಕುತ್ತಾರೆ, ಆದರೆ ಉಳಿದ ತುಂಡುಗಳನ್ನೂ ಪೂರ್ತಿ ಬಿಡಿಸಿ ಹೇಳುತ್ತಾರೆ. ಆಗ ಒತ್ತು ಕೇಳಿಸುವುದೇ ಇಲ್ಲ. ಒತ್ತು ಅಂದರೆ ಸುಮ್ನೆ ಜೋರು ಮಾಡುವುದು ಅಂದುಕೊಳ್ಳಬೇಡಿ. ಆ ಸ್ವರವನ್ನು ಸ್ವಲ್ಪ ಎಳೆಯಿರಿ, ದನಿ ಒಂಚೂರು ಏರಿಸಿ, ಅಕ್ಕಪಕ್ಕದ್ದನ್ನು ಬೇಗ ದಾಟಿಬಿಡಿ.

ಅನುಮಾನ ಬಂದರೆ ಡಿಕ್ಷನರಿ ತೆರೆಯಿರಿ. ಉಚ್ಚಾರಣೆ ಬರೆದ ಕಡೆ ಮೇಲ್ಗಡೆ ಒಂದು ಪುಟ್ಟ ನೇರ ಗೆರೆ ಇರುತ್ತದೆ. ಸಾಮಾನ್ಯವಾಗಿ ಅದರ ಮುಂದಿನ ತುಂಡಿಗೇ ಒತ್ತು. ನೀವಿರುವ ಊರಿನ ಇಂಗ್ಲಿಷ್ ಯಾವುದು ಅಂತಲೂ ನೋಡಿಕೊಳ್ಳಿ. ಅಡ್ವರ್ಟೈಸ್‌ಮೆಂಟ್‌ಗೆ ಬ್ರಿಟಿಷರು ‘ವರ್’ ಒತ್ತುತ್ತಾರೆ, ಅಮೆರಿಕದವರು ಹೆಚ್ಚಾಗಿ ‘ಟೈಸ್’ ಒತ್ತುತ್ತಾರೆ.

ಎಲ್ಲ ಪದ ಒಟ್ಟಿಗೆ ಬೇಡ. ನಿಮ್ಮ ಕೆಲಸದಲ್ಲಿ ದಿನಾ ಬರುವ ಪದಗಳಿಂದ ಶುರು ಮಾಡಿ. ಮುಖ್ಯವಾಗಿ ಫೋನಿನಲ್ಲಿ ಸಂಖ್ಯೆ ಹೇಳುವಾಗ ಹುಷಾರು: 30ಕ್ಕೆ ಒತ್ತು ‘ಥರ್’ ಮೇಲೆ, 13 ಅನ್ನು ಬಿಡಿಯಾಗಿ ಹೇಳಿದರೆ ‘ಟೀನ್’ ಮೇಲೆ.